ಸಂಜೆಯ ಬಾಟಲಿ

ಭುಜ್
9 ಜನವರಿ 2024

ರತ್ನಮ್ಮ ಟೀಚರ್‌ಗೆ ನಮಸ್ಕಾರಗಳು.

ಫೋನಿನಲ್ಲಿ ಹೇಳಿದ್ದು ಅರ್ಧ ತಲೆಗೆ ಹೋಗಲಿಲ್ಲ, ಬರೆದು ಕಳಿಸು ಎಂದಿರಿ. ಕ್ವಾರ್ಟರ್ಸಿನಿಂದ ಅಂಗನವಾಡಿಗೆ ಬರುತ್ತಿದ್ದ ಗದಗಿನವರ ಮಗಳು, ದಿನಾ ಉಪ್ಪಿಟ್ಟು ಬಿಟ್ಟು ಏಳುತ್ತಿದ್ದ ಶಶಿರೇಖ ಎಂದ ತಕ್ಷಣ ಗುರುತು ಹಿಡಿದಿರಲ್ಲ, ಅದೇ ನನಗೆ ದೊಡ್ಡದು. ಅಪ್ಪ ಕಾರ್ಖಾನೆಯಿಂದ ನಿವೃತ್ತರಾಗಿ ಗದಗಿಗೆ ಹೋದ ಮೇಲೆ ಕೆಜಿಎಫ್‌ನಲ್ಲಿ ನಮ್ಮವರು ಅಂತ ಯಾರೂ ಉಳಿದಿಲ್ಲ. ನಿಮ್ಮನ್ನು ಬಿಟ್ಟು ಯಾರನ್ನು ಕೇಳಬೇಕೋ ಗೊತ್ತಾಗಲಿಲ್ಲ.

ಕೆಲಸ ಇದು. ಚಿನ್ನ ತೆಗೆದು ಉಳಿದ ಗಣಿ ಮಣ್ಣು ಸುರಿದ ಆ ಸೈನೈಡ್ ದಿಬ್ಬದ ಮೇಲೆ, ಹುಲ್ಲು ಕೂಡ ಸರಿಯಾಗಿ ಹುಟ್ಟದ ಆ ಬೂದು ಮಣ್ಣಿನಲ್ಲಿ, ತಂಗಡಿ ಗಿಡ ಹೇಗೆ ಬದುಕಿದೆ ಎಂಬುದು ನನ್ನ ಪ್ರಶ್ನೆ. ಒಂದು ಎಲೆಯೊಳಗೆ ನೂರಾರು ಸಣ್ಣ ಸಣ್ಣ ರಾಸಾಯನಿಕಗಳಿರುತ್ತವೆ. ಬಿಸಿಲಿಗೆ ಕೆಲವು ಹೆಚ್ಚುತ್ತವೆ, ಕತ್ತಲಾದರೆ ಕೆಲವು ಇಳಿಯುತ್ತವೆ. ಅವೆಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕುವ ವಿದ್ಯೆಗೆ ಮೆಟಬಾಲೊಮಿಕ್ಸ್ ಎನ್ನುತ್ತಾರೆ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ, ಎಲೆಯ ಹಾಜರಿ ತೆಗೆದುಕೊಳ್ಳುವುದು.

ಎಲೆ ಕಿತ್ತ ತಕ್ಷಣ ಅದರ ಒಳಗಿನದು ಬದಲಾಗತೊಡಗುತ್ತದೆ. ಹಾಗಾಗಿ ಕಿತ್ತ ಜಾಗದಲ್ಲೇ ಅದನ್ನು ಒಂದು ದ್ರಾವಕದಲ್ಲಿ ಮುಳುಗಿಸಬೇಕು. ಮಾಮೂಲಿ ಸ್ಪಿರಿಟ್ಟಿನಂಥವು ಬೆಂಕಿ ಹತ್ತುವ ಪದಾರ್ಥ, ಕೊರಿಯರ್‌ನವರು ಮುಟ್ಟುವುದಿಲ್ಲ. ಈ ಪತ್ರದ ಜೊತೆ ಕಳಿಸಿದ ಪೆಟ್ಟಿಗೆಯ ಬಾಟಲಿಗಳಲ್ಲಿ ಇರುವುದು ಸಹಜ ದ್ರಾವಕ: ಗ್ಲೂಕೋಸ್, ನಿಂಬೆ ಉಪ್ಪು, ಸ್ವಲ್ಪ ನೀರು. ಬೆಚ್ಚಗೆ ಮಾಡಿದರೆ ಎರಡೂ ಪುಡಿ ಸೇರಿ ಪಾಕವಾಗುತ್ತದೆ. ಕೈಗೆ ತಾಗಿದರೂ ಭಯವಿಲ್ಲ.

ತಿಂಗಳಿಗೊಮ್ಮೆ, ಒಂದೇ ದಿನ, ನಾಲ್ಕು ಹೊತ್ತು ಎಲೆ ಕೀಳಬೇಕು. ಬೆಳಿಗ್ಗೆ ಏಳು, ಮಧ್ಯಾಹ್ನ ಹನ್ನೆರಡು, ನಾಲ್ಕು, ಮತ್ತು ಕತ್ತಲಾದ ಮೇಲೆ ಏಳೂವರೆ. ಪ್ರತಿ ಬಾಟಲಿಯ ಮೇಲೆ ಹೊತ್ತು ಬರೆಯಿರಿ. ಜೊತೆಗೆ ಪ್ರತಿ ಹೊತ್ತಿನ ಒಂದು ಸಣ್ಣ ರೆಂಬೆಯನ್ನು ಪೇಪರ್ ಹಾಳೆಯೊಳಗೆ ಒತ್ತಿಟ್ಟು ಕಳಿಸಿ. ಇಲ್ಲಿನ ಲ್ಯಾಬಿನಲ್ಲಿ ನನ್ನ ಕೆಲಸದ ಅವಧಿ ಈ ಡಿಸೆಂಬರ್‌ಗೆ ಮುಗಿಯುತ್ತದೆ. ಮುಂದುವರಿಸುತ್ತಾರೋ ಇಲ್ಲವೋ ಇದರ ಮೇಲೇ ನಿಂತಿದೆ.

ನಿಮ್ಮ
ಶಶಿರೇಖ


ಊರಿಗಾಂ, ಕೆಜಿಎಫ್
3 ಫೆಬ್ರವರಿ 2024

ಶಶಿಗೆ ಆಶೀರ್ವಾದಗಳು.

ಪೆಟ್ಟಿಗೆ ಕಳಿಸಿದ್ದೇನೆ. ಅಲ್ಲ ಕಣೇ, ಸಕ್ಕರೆ, ನಿಂಬೆಹುಳಿ, ನೀರು ಬೆರೆಸಿ ಪಾನಕ ಮಾಡೋಕೆ ಅಷ್ಟು ದೂರ ಹೋಗಿ ಅಷ್ಟು ವರ್ಷ ಓದಬೇಕಿತ್ತಾ? ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದ ನಮ್ಮ ಅಶ್ವತ್ಥಮ್ಮನ ಹತ್ತಿರ ಬಂದಿದ್ದರೆ ಒಂದೇ ಮಧ್ಯಾಹ್ನದಲ್ಲಿ ಕಲಿಸಿಬಿಡುತ್ತಿದ್ದಳು. ರಾಬರ್ಟ್‌ಸನ್‌ಪೇಟೆ ಕೊರಿಯರ್ ಅಂಗಡಿಯವನು ಬಾಟಲಿಯನ್ನು ಬೆಳಕಿಗೆ ಹಿಡಿದು ಜೇನುತುಪ್ಪವಾ ಎಂದು ಕೇಳಿದ. ಹೌದಪ್ಪಾ, ಎಲೆ ಹಾಕಿದ ಜೇನುತುಪ್ಪ, ಗುಜರಾತಿನ ಸೊಸೆಗೆ ಬಸುರಿ ಬಯಕೆ ಎಂದೆ. ಅವನು ನಂಬಿ, ಮೇಲೆ ಎರಡು ಸುತ್ತು ಟೇಪು ಜಾಸ್ತಿ ಸುತ್ತಿಕೊಟ್ಟ.

ನಿನಗೆ ನಮ್ಮ ಮನೆ ಗೊತ್ತಿಲ್ಲವಲ್ಲ. ನಾನೀಗ ತಮ್ಮನ ಮಗ ನರೇಶನ ಜೊತೆ ಇದ್ದೇನೆ. ಅವನೂ ಅವನ ಹೆಂಡತಿ ಮಧುಶ್ರೀಯೂ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಬೆಳಗಿನ ರೈಲಿಗೆ ಹೊರಟರೆ ವಾಪಸ್ ಬರುವುದು ರಾತ್ರಿ ಒಂಬತ್ತಕ್ಕೆ. ಒಳ್ಳೆಯ ಮಕ್ಕಳೇ. ಆದರೆ ಬಂದವರಿಗೆ ಉಂಡು ಮಲಗುವುದಕ್ಕೆ ಮಾತ್ರ ಜೀವ ಇರುತ್ತದೆ. ಮೂವತ್ತನಾಲ್ಕು ವರ್ಷ ನಲವತ್ತು ಮಕ್ಕಳ ಗಲಾಟೆಯಲ್ಲಿದ್ದ ಕಿವಿ ನನ್ನದು. ಈಗ ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಎಣಿಸುತ್ತಾ ಕೂತಿರುತ್ತೇನೆ.

ದಿಬ್ಬ ಹತ್ತುವುದನ್ನು ಕೇಳಿ ನರೇಶ ರೇಗಿದ. "ಮನ್ಯಾಗೆ ಸುಮ್ಕಿರಕ್ಕಾಗಲ್ವಾ ಅತ್ತೆ ನಿಂಗೆ? ಬಿದ್ದು ಕಾಲ್ಗೀಲ್ ಮುರ್ಕಂಡ್ರೆ ಆಸ್ಪತ್ರೆಗೆ ಯಾರ್ ಕರ್ಕೊಂಡ್ ಓಯ್ತಾರೆ? ನಾವಿಬ್ರೂ ರೈಲ್ನಾಗಿರ್ತೀವಿ," ಅಂದ. ಸುಮ್ಮನಿದ್ದೂ ಇದ್ದೂ ಕಾಲು ಬಿದ್ದುಹೋಗುತ್ತಿದೆ ಕಣೋ ಎಂದೆ.

ಬೆಳಗಿನದು, ಮಧ್ಯಾಹ್ನದ್ದು, ನಾಲ್ಕು ಗಂಟೆಯದು ಸರಿಯಾಗಿದೆ. ಸಂಜೆಯ ಬಾಟಲಿ ಖಾಲಿ ಕಳಿಸಿದ್ದೇನೆ. ಕತ್ತಲಲ್ಲಿ ಆ ಮರಳುಮಣ್ಣು ಜಾರುತ್ತದೆ, ನನ್ನ ಮೊಣಕಾಲು ಕೇಳುವುದಿಲ್ಲ. ಮೂರರಲ್ಲೇ ನಡೆಸಿಕೊಳ್ಳಲು ಆಗುತ್ತದೆಯೇ ನೋಡು.

ಇತಿ,
ವೆಂಕಟರತ್ನಮ್ಮ


ಭುಜ್
14 ಫೆಬ್ರವರಿ 2024

ಪ್ರೀತಿಯ ಟೀಚರ್,

ಪೆಟ್ಟಿಗೆ ತಲುಪಿತು. ಎಲೆಗಳು ಕಿತ್ತಾಗ ಹೇಗಿದ್ದವೋ ಹಾಗೇ ಇವೆ, ಪಾಕ ಹಳದಿಯಾಗಿದೆ. ನಿಮ್ಮ ಪತ್ರ ಓದಿ ಲ್ಯಾಬಿನಲ್ಲಿ ಜೋರಾಗಿ ನಕ್ಕೆ. ಪಕ್ಕದವರು ಏನೆಂದು ಕೇಳಿದರು. ಹಿಂದಿಯಲ್ಲಿ ಹೇಳಹೋದರೆ ಅದರಲ್ಲಿ ನಗುವಂಥದ್ದೇನೂ ಉಳಿಯಲಿಲ್ಲ.

ಆದರೆ ಸಂಜೆಯದು ಇಲ್ಲದಿದ್ದರೆ ಉಳಿದ ಮೂರೂ ವ್ಯರ್ಥ. ಹಗಲು ಮತ್ತು ಕತ್ತಲಿನ ವ್ಯತ್ಯಾಸವೇ ನನಗೆ ಬೇಕಾದದ್ದು. ನಿಮಗೆ ಕಷ್ಟವಾದರೆ ದಯವಿಟ್ಟು ಸಂಕೋಚಪಡಬೇಡಿ. ರಾಬರ್ಟ್‌ಸನ್‌ಪೇಟೆಯ ಕಾಲೇಜಿನಲ್ಲಿ ಒಬ್ಬ ಅಧ್ಯಾಪಕರ ಪರಿಚಯವಾಗಿದೆ. ಅವರ ವಿದ್ಯಾರ್ಥಿಗಳಿಗೆ ಪೂರ್ತಿ ಕೆಲಸ ವಹಿಸುತ್ತೇನೆ. ನಿಮ್ಮನ್ನು ಮತ್ತೆ ತೊಂದರೆಪಡಿಸುವುದಿಲ್ಲ.

ಹೊಸ ಬಾಟಲಿಗಳನ್ನು ಇಟ್ಟಿದ್ದೇನೆ. ಬೇಡವಾದರೆ ಹಾಗೇ ಇಟ್ಟುಕೊಂಡಿರಿ, ಆ ವಿದ್ಯಾರ್ಥಿಗಳು ಬಂದು ಒಯ್ಯುತ್ತಾರೆ.

ನಿಮ್ಮ
ಶಶಿರೇಖ


ಊರಿಗಾಂ
1 ಮಾರ್ಚ್ 2024

ಶಶಿಗೆ,

ಯಾವ ಕಾಲೇಜಿನವರೂ ಬೇಡ. ಅವರು ದಾರಿಯಲ್ಲಿ ಸಿಕ್ಕಿದ ಯಾವುದೋ ಸೊಪ್ಪು ಕಿತ್ತು ತುರುಕಿ ಕಳಿಸಿದರೆ ನಿನಗೇನು ಗೊತ್ತಾಗಬೇಕು? ನಾಲ್ಕು ಹೊತ್ತಿನದೂ ಕಳಿಸಿದ್ದೇನೆ. ಸಂಜೆಯದೂ ಇದೆ, ಏಳೂವರೆ ಎಂದು ಬರೆದಿದ್ದೇನೆ. ರೆಂಬೆಗಳನ್ನೂ ಒತ್ತಿಟ್ಟಿದ್ದೇನೆ.

ಮೊಣಕಾಲು ಪರವಾಗಿಲ್ಲ. ನೀನು ಊಟ ಏನು ಮಾಡುತ್ತೀಯಾ, ಬರೆ. ಅಲ್ಲಿ ಬೇಳೆಸಾರಿಗೂ ಬೆಲ್ಲ ಹಾಕುತ್ತಾರಂತೆ ಹೌದಾ? ಮುಂದಿನ ಪೆಟ್ಟಿಗೆಯಲ್ಲಿ ಒಂದಿಷ್ಟು ಹುರುಳಿಕಾಳು ಇಡುತ್ತೇನೆ, ಬಸ್ಸಾರು ಮಾಡಿಕೋ.

ಇತಿ,
ವೆಂಕಟರತ್ನಮ್ಮ


ಭುಜ್
18 ಜೂನ್ 2024

ಪ್ರೀತಿಯ ಟೀಚರ್,

ಇಂದು ಯಾರಿಗಾದರೂ ಹೇಳದಿದ್ದರೆ ಎದೆ ಒಡೆದುಹೋಗುತ್ತದೆ. ಅಮ್ಮನಿಗೆ ಫೋನ್ ಮಾಡಿದೆ, "ಚಲೋ ಆತವ್ವಾ, ಉಂಡಿಯೇನು," ಎಂದಳು. ಅಷ್ಟೇ.

ನಾಲ್ಕು ತಿಂಗಳ ಎಲೆಗಳ ಲೆಕ್ಕ ಬಂದಿದೆ. ನಮ್ಮ ಲ್ಯಾಬಿನ ಹಿತ್ತಲಲ್ಲೂ ಒಂದು ತಂಗಡಿ ಇದೆ, ಇಲ್ಲಿಯವರು ಆವಳ ಎನ್ನುತ್ತಾರೆ. ಅದರ ಎಲೆಯನ್ನು ನಾನೇ ಕತ್ತಲಾದ ಮೇಲೆ ಕಿತ್ತು ನೋಡಿದ್ದೇನೆ. ಹಗಲಿಗೂ ರಾತ್ರಿಗೂ ಅದರ ಒಳಗು ಪೂರಾ ಬೇರೆ. ಬಿಸಿಲಿಗೆಂದು ಮಾಡಿಕೊಂಡ ಕಾಪಾಡುವ ಪದಾರ್ಥಗಳನ್ನೆಲ್ಲ ಸಂಜೆ ಇಳಿಸಿಬಿಡುತ್ತದೆ. ನಿಮ್ಮ ದಿಬ್ಬದ ತಂಗಡಿ ಹಾಗಲ್ಲ. ಸಂಜೆ ಏಳೂವರೆಯ ಎಲೆ ನಾಲ್ಕು ಗಂಟೆಯ ಎಲೆಯ ಹಾಗೇ ಇದೆ. ಒಂದು ತಿಂಗಳಲ್ಲ, ನಾಲ್ಕು ತಿಂಗಳೂ ಹಾಗೇ.

ಆ ಗಿಡ ಮಲಗುವುದೇ ಇಲ್ಲ, ಟೀಚರ್. ಆ ಮಣ್ಣಿನಲ್ಲಿ ಬದುಕಬೇಕಾದರೆ ಒಂದು ಗಳಿಗೆಯೂ ಮೈಮರೆಯಬಾರದು ಎಂದು ಕಲಿತುಬಿಟ್ಟಿದೆ. ಇದನ್ನು ಈವರೆಗೆ ಯಾರೂ ನೋಡಿಲ್ಲ. ನಮ್ಮ ಮುಖ್ಯಸ್ಥರು ಎರಡು ವರ್ಷದಲ್ಲಿ ಮೊದಲ ಸಲ ನನ್ನ ಮೇಜಿನ ಹತ್ತಿರ ಬಂದು ನಿಂತು ಮಾತಾಡಿದರು. ಪ್ರಬಂಧ ಬರೆಯಲು ಹೇಳಿದ್ದಾರೆ. ಅದು ಒಪ್ಪಿಗೆಯಾದರೆ ಕೆಲಸ ಇನ್ನೂ ಮೂರು ವರ್ಷ ಖಚಿತ.

ಒಂದು ಮಾತು ಹೇಳಲಾ? ಈ ಊರಿಗೆ ಬಂದಾಗಿನಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಕೋಣೆಯಲ್ಲಿ ಒಬ್ಬಳೇ ಫ್ಯಾನು ನೋಡುತ್ತಾ ಬಿದ್ದಿರುತ್ತೇನೆ. ಈಗ, ಅಲ್ಲಿ ದಿಬ್ಬದ ಮೇಲೆ ಇನ್ನೊಂದು ಜೀವ ನನ್ನ ಹಾಗೇ ಎಚ್ಚರ ಇದೆ ಅನ್ನಿಸುತ್ತದೆ. ಹುಚ್ಚು ಅನ್ನಿ. ಪ್ರಬಂಧದ ಕೊನೆಯಲ್ಲಿ ನಿಮ್ಮ ಹೆಸರನ್ನೂ ಹಾಕುತ್ತೇನೆ.

ನಿಮ್ಮ
ಶಶಿ


ಊರಿಗಾಂ
9 ಜುಲೈ 2024

ಶಶಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂದು ಎರಡು ವಾರವಾಯಿತು. ಬರೆಯಲು ಕೂತರೆ ಏನಾದರೂ ಅಡ್ಡ ಬರುತ್ತದೆ. ಅಶ್ವತ್ಥಮ್ಮನಿಗೆ ಜ್ವರ ಬಂದಿತ್ತು, ಗಂಜಿ ಕೊಟ್ಟು ಬರುತ್ತಿದ್ದೆ. ಈಗ ವಾಸಿ. ಮಧುಶ್ರೀಗೆ ಬಂಗಾರಪೇಟೆಯಲ್ಲೇ ಒಂದು ಕೆಲಸ ಸಿಗುವ ಹಾಗಿದೆ. ಸಿಕ್ಕರೆ ಸಂಜೆ ಆರಕ್ಕೆಲ್ಲ ಮನೆಗೆ ಬರುತ್ತಾಳೆ. ನಾನು ಕಂಡಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದೇನೆ.

ನನ್ನ ಹೆಸರು ಎಲ್ಲೂ ಹಾಕಬೇಡ. ಒಂದು ಕೇಳುತ್ತೇನೆ. ಬಾಟಲಿಯ ಮೇಲೆ ಬರೆಯುವಾಗ ಎಲ್ಲಾದರೂ ಒಂದು ಹೊತ್ತು ಹೆಚ್ಚುಕಡಿಮೆ ಆಗಿದ್ದರೆ ನಿನ್ನ ಲೆಕ್ಕಕ್ಕೆ ಏನಾದರೂ ತೊಂದರೆಯಾಗುತ್ತದೆಯೇ? ಸುಮ್ಮನೆ ಕೇಳಿದೆ. ವಯಸ್ಸಾಯಿತು, ಕಣ್ಣು ಮಂಜು.

ಈ ಸಲದ ಪೆಟ್ಟಿಗೆ ಇನ್ನೊಂದು ವಾರದಲ್ಲಿ ಕಳಿಸುತ್ತೇನೆ.

ಇತಿ,
ವೆಂಕಟರತ್ನಮ್ಮ


ಭುಜ್
24 ಆಗಸ್ಟ್ 2024

ಟೀಚರ್‌ಗೆ ನಮಸ್ಕಾರ.

ತಡವಾಗಿದ್ದಕ್ಕೆ ಕ್ಷಮಿಸಿ. ಒಂದೆರಡು ಹೊತ್ತು ತಪ್ಪಿದ್ದರೆ ಏನೂ ಆಗುವುದಿಲ್ಲ. ನೀವು ತಪ್ಪುವವರಲ್ಲ, ಅದು ನನಗೆ ಗೊತ್ತು. ಅದರ ಬಗ್ಗೆ ಇನ್ನು ಯೋಚಿಸಬೇಡಿ, ಬರೆಯಲೂ ಬೇಡಿ.

ಪ್ರಬಂಧ ಕಳಿಸಿದ್ದಾಯಿತು. ಇನ್ನು ಮುಂದೆ ಪೇಪರಿನಲ್ಲಿ ರೆಂಬೆ ಒತ್ತಿ ಕಳಿಸುವುದು ಬೇಡ. ಬಾಟಲಿಗಳಷ್ಟೇ ಸಾಕು. ಹುರುಳಿಕಾಳು ಚೆನ್ನಾಗಿತ್ತು.

ಶಶಿರೇಖ


ಊರಿಗಾಂ
21 ಅಕ್ಟೋಬರ್ 2024

ಶಶಿ ಮಗಾ,

ಈ ಪೆಟ್ಟಿಗೆಯಲ್ಲಿ ಬಾಟಲಿಗಳು ಖಾಲಿ ಇವೆ, ನಾಲ್ಕೂ. ಗಾಬರಿಯಾಗಬೇಡ, ಕಾಗದ ಪೂರ್ತಿ ಓದು.

ನಾನು ನಿನಗೆ ಸುಳ್ಳು ಬರೆದಿದ್ದೇನೆ. ಸಂಜೆಯ ಬಾಟಲಿ ಒಂದೂ ಸಂಜೆಯದಲ್ಲ. ನಾಲ್ಕು ಗಂಟೆಗೆ ಹೋದಾಗಲೇ ಎರಡು ಹಿಡಿ ಕಿತ್ತು, ಎರಡು ಬಾಟಲಿಗೆ ಹಾಕಿ, ಒಂದರ ಮೇಲೆ ನಾಲ್ಕು, ಇನ್ನೊಂದರ ಮೇಲೆ ಏಳೂವರೆ ಎಂದು ಬರೆಯುತ್ತಿದ್ದೆ. ಮಾರ್ಚಿನಿಂದ ಪ್ರತಿ ತಿಂಗಳೂ ಹೀಗೇ. ನಿನ್ನ ಗಿಡ ಮಲಗದೆ ಇರುವುದು ಅದಕ್ಕೇ. ಅದು ಮಲಗುತ್ತದೆ ಕಣೇ. ಎಲ್ಲ ಗಿಡದ ಹಾಗೇ ಮಲಗುತ್ತದೆ.

ಮೊಣಕಾಲು ನೆಪ. ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಗಿಡ ಮುಟ್ಟುವುದಿಲ್ಲ. ಬೇತಮಂಗಲದಲ್ಲಿ ನಾನು ಚಿಕ್ಕವಳಾಗಿದ್ದಾಗ ಒಂದು ಸಂಜೆ ತುಂಬೆ ಹೂವಿಗೆ ಕೈ ಹಾಕಿದ್ದೆ. ನಮ್ಮಮ್ಮ ಕೈಮೇಲೆ ಹೊಡೆದಳು. "ಮಲಗವ್ಳೆ ಕಣಮ್ಮಿ, ಎಬ್ಬಿಸ್ಬ್ಯಾಡ. ನಿದ್ದೆಗಣ್ಣಾಗೆ ನಿನ್ ಕೂದ್ಲು ಇಡ್ದು ಯಾರಾನ ಎಳುದ್ರೆ ಎಂಗಿರ್ತದೆ?" ಅಂದಳು. ಅವಳು ಹೋಗಿ ಮೂವತ್ತು ವರ್ಷವಾಯಿತು. ಮೊದಲ ತಿಂಗಳು ಸಂಜೆ ದಿಬ್ಬದವರೆಗೂ ಹೋಗಿದ್ದೆ. ಕೈ ಮುಂದೆ ಹೋಗಲಿಲ್ಲ. ಮೂಢನಂಬಿಕೆ ಅನ್ನು, ಬೈಯ್ಯಿ. ಇಷ್ಟು ಓದಿದವಳಿಗೆ ಗಿಡ ಮಲಗಿರುತ್ತದೆ, ಕೀಳಲಾರೆ ಅಂತ ಬರೆಯೋಕೆ ನಾಚಿಕೆಯಾಯಿತು.

ಆದರೆ ನಾಚಿಕೆಯೊಂದೇ ಅಲ್ಲ. ನಿಜ ಹೇಳಿದ್ದರೆ ನೀನು ಕಾಲೇಜಿನವರಿಗೆ ಕೆಲಸ ಕೊಡುತ್ತಿದ್ದೆ. ಹಾಗಂತ ಬರೆದಿದ್ದೆಯಲ್ಲ. ಆಮೇಲೆ ನನಗೆ ಯಾರು ಕಾಗದ ಬರೆಯುತ್ತಿದ್ದರು? ಕೊರಿಯರ್‌ನವನು ಗೇಟಿನ ಹತ್ತಿರ ನಿಂತು ನನ್ನ ಹೆಸರು ಕೂಗಿದರೆ ಆ ವಾರವೆಲ್ಲ ನನಗೆ ಸಾಕಾಗುತ್ತಿತ್ತು. ಅದಕ್ಕೋಸ್ಕರ ಸುಳ್ಳು ಬರೆದೆ. ಮೂವತ್ತನಾಲ್ಕು ವರ್ಷ, ಬಾರದ ಒಂದು ಮಗುವನ್ನೂ ಬಂದಿದೆ ಎಂದು ಬರೆದವಳಲ್ಲ ನಾನು. ಮೇಲಿನವರು ರೇಷನ್ ಲೆಕ್ಕಕ್ಕೆ ನಾಲ್ಕು ಹೆಸರು ಸೇರಿಸು ಎಂದು ಹೆದರಿಸಿದಾಗಲೂ ಬರೆಯಲಿಲ್ಲ. ಅರವತ್ತೆರಡನೇ ವಯಸ್ಸಿನಲ್ಲಿ, ಉಪ್ಪಿಟ್ಟು ತಿನ್ನಿಸಿದ ಮಗುವಿಗೇ ಮೋಸ ಮಾಡಿದೆ.

ಜುಲೈನಲ್ಲೇ ಹೇಳಬೇಕೆಂದು ಕೂತೆ. ಇನ್ನೊಂದು ಜೀವ ಎಚ್ಚರ ಇದೆ ಅಂತ ನೀನು ಬರೆದಿದ್ದನ್ನು ಓದಿದ ಮೇಲೆ ಬಾಯಿ ಬರಲಿಲ್ಲ. ಆಮೇಲೆ ನಿನ್ನ ಕಾಗದಗಳೂ ಗಿಡ್ಡವಾದವು. ರೆಂಬೆ ಬೇಡ ಎಂದೆ. ನನ್ನ ಕೆಲಸದಲ್ಲಿ ಅರ್ಧ ಕಿತ್ತುಕೊಂಡಳು, ನನ್ನ ಸಹವಾಸ ಸಾಕಾಗಿದೆ ಅಂತ ಮುನಿಸಿಕೊಂಡೆ. ಮುನಿಸು ಕಾಗದದಲ್ಲೂ ತೋರಿಸಲಿಲ್ಲ, ಸತ್ಯವೂ ಹೇಳಲಿಲ್ಲ.

ನಿನ್ನ ಪ್ರಬಂಧವನ್ನು ನಿಲ್ಲಿಸು. ತಪ್ಪು ಆ ಮುದುಕಿಯದು ಎಂದು ನಿಮ್ಮ ಸಾಹೇಬರಿಗೆ ಹೇಳು. ಬೇಕಾದರೆ ಈ ಕಾಗದ ತೋರಿಸು.

ವೆಂಕಟರತ್ನಮ್ಮ


ಭುಜ್
16 ಡಿಸೆಂಬರ್ 2024

ಟೀಚರ್,

ನಿಮ್ಮ ಪತ್ರ ತಲುಪಿ ಏಳು ವಾರಗಳಾದವು. ಎರಡು ದಿನ ನಿಮ್ಮ ಮೇಲೆ ಕೆಂಡದಂಥ ಕೋಪವಿತ್ತು. ಸುಳ್ಳು ಬರೆದದ್ದಕ್ಕಲ್ಲ, ನಿಜ ಬರೆದದ್ದಕ್ಕೆ.

ನನಗೆ ಆಗಸ್ಟ್‌ನಲ್ಲೇ ಗೊತ್ತಾಗಿತ್ತು. ಪ್ರಬಂಧಕ್ಕೆ ಒಂದು ಚಿತ್ರ ಬೇಕೆಂದು, ನೀವು ಒತ್ತಿ ಕಳಿಸಿದ್ದ ರೆಂಬೆಗಳನ್ನು ಮೊದಲ ಸಲ ಬಿಚ್ಚಿದೆ. ಅದುವರೆಗೆ ಬಾಟಲಿಗಳನ್ನಷ್ಟೇ ನೋಡುತ್ತಿದ್ದೆ, ಪೇಪರ್ ಕಟ್ಟುಗಳು ಕಪಾಟಿನಲ್ಲಿ ಹಾಗೇ ಇದ್ದವು. ತಂಗಡಿ ಕತ್ತಲಾಗುತ್ತಿದ್ದಂತೆ ಎಲೆಗಳನ್ನು ಜೋಡಿಜೋಡಿಯಾಗಿ ಮಡಿಚಿಕೊಳ್ಳುತ್ತದೆ. ನಮ್ಮ ಹಿತ್ತಲಿನ ಗಿಡ ದಿನಾ ನನ್ನ ಕಣ್ಣೆದುರಿಗೇ ಮಡಿಚಿಕೊಳ್ಳುತ್ತದೆ. ನಿಮ್ಮ ಏಳೂವರೆಯ ರೆಂಬೆಗಳಲ್ಲಿ ಎಲೆಗಳು ಪೂರ್ತಿ ಬಿಚ್ಚಿಕೊಂಡಿದ್ದವು. ಒಂದಲ್ಲ, ಆರಕ್ಕೆ ಆರೂ. ನಿಮ್ಮ ಕಣ್ಣು ಮಂಜು ಎಂಬ ಮಾತು ಆಗ ಅರ್ಥವಾಯಿತು. ಪೇಪರ್ ಮಡಿಚಿ ಮತ್ತೆ ಕಪಾಟಿನಲ್ಲಿಟ್ಟೆ. ರೆಂಬೆ ಕಳಿಸಬೇಡಿ ಎಂದು ಬರೆದದ್ದು ಅದಕ್ಕೇ, ಇನ್ನೊಂದು ಸಾಕ್ಷಿ ಬರದಿರಲಿ ಎಂದು. ನಿಮ್ಮ ಸಹವಾಸ ಸಾಕಾಗಿರಲಿಲ್ಲ. ಮುಖ ಎತ್ತಿ ನಿಮಗೆ ಬರೆಯಲು ಆಗುತ್ತಿರಲಿಲ್ಲ, ಅಷ್ಟೇ.

ನೀವು ಸುಮ್ಮನಿದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆ ಗಿಡ ಎಚ್ಚರವಾಗಿರುವುದು ನನ್ನ ಕೆಲಸಕ್ಕಿಂತ ಹೆಚ್ಚಾಗಿ ನನಗೆ ಬೇಕಾಗಿತ್ತು.

ನವೆಂಬರ್‌ನಲ್ಲಿ ಮುಖ್ಯಸ್ಥರಿಗೆ ಹೇಳಿದೆ. ನಿಮ್ಮ ಪತ್ರ ತೋರಿಸಲಿಲ್ಲ, ಅದು ನನ್ನದು. ಹೊತ್ತು ತಪ್ಪಿದ್ದನ್ನು ಅವರು ಕ್ಷಮಿಸುತ್ತಿದ್ದರು. ಯಾವಾಗ ಗೊತ್ತಾಯಿತು ಎಂದು ಕೇಳಿದರು. ಆಗಸ್ಟ್ ಎಂದೆ. ಗೊತ್ತಿದ್ದೂ ಮುಚ್ಚಿಟ್ಟದ್ದನ್ನು ಅವರು ಕ್ಷಮಿಸಲಿಲ್ಲ. ಪ್ರಬಂಧ ಹಿಂದಕ್ಕೆ ಪಡೆದಾಯಿತು. ತಿಂಗಳ ಕೊನೆಗೆ ಇಲ್ಲಿಂದ ಹೊರಡುತ್ತೇನೆ. ಎಲ್ಲಿಗೆ ಎಂದು ಇನ್ನೂ ಗೊತ್ತಿಲ್ಲ. ಗದಗಿನಲ್ಲಿ ಏನೆಂದು ಹೇಳಬೇಕೋ ಅದೂ ಗೊತ್ತಿಲ್ಲ.

ಇನ್ನು ಪೆಟ್ಟಿಗೆ ಕಳಿಸಬೇಡಿ. ನಿಮ್ಮಿಂದ ನನ್ನ ಕೆಲಸ ಹೋಯಿತು ಎಂದು ಮಾತ್ರ ಅಂದುಕೊಳ್ಳಬೇಡಿ. ಅದು ನನ್ನಿಂದಲೇ ಹೋಯಿತು.

ಶಶಿರೇಖ


ಊರಿಗಾಂ
23 ಡಿಸೆಂಬರ್ 2024

ಶಶಿ ಮಗಾ,

ಈ ಕಾಗದ ನೀನು ಹೊರಡುವ ಮುಂಚೆ ಸಿಗುತ್ತದೋ ಇಲ್ಲವೋ. ಎರಡು ದಿನದಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ಮಧುಶ್ರೀಯ ಫೋನಿನಿಂದಲೂ ಮಾಡಿಸಿದೆ. ಅವಳಿಗೆ ಬಂಗಾರಪೇಟೆಯ ಕೆಲಸ ಸಿಗಲಿಲ್ಲ. ಮತ್ತೆ ಅದೇ ಬೆಳಗಿನ ರೈಲು.

ನಿನ್ನೆ ಕತ್ತಲಾಗುವವರೆಗೂ ದಿಬ್ಬದ ಮೇಲೆ ಕೂತಿದ್ದೆ. ಗಿಡ ಮುಟ್ಟಲಿಲ್ಲ, ನೋಡಿದೆ ಅಷ್ಟೇ. ನೀನು ಬರೆದ ಹಾಗೇ ಎಲೆಗಳು ಜೋಡಿಜೋಡಿಯಾಗಿ ಮುಚ್ಚಿಕೊಂಡವು. ಇಷ್ಟು ವರ್ಷ ಮಲಗುತ್ತದೆ ಅಂತ ಬಾಯಲ್ಲಿ ಹೇಳುತ್ತಿದ್ದೆ, ಕಣ್ಣಾರೆ ನೋಡಿದ್ದು ಮೊದಲ ಸಲ. ನೀನೂ ಇದ್ದಿದ್ದರೆ ಅನ್ನಿಸಿ ಅಳು ಬಂತು. ಇಳಿಯುವಾಗ ಒಂದು ಕಡೆ ಜಾರಿದೆ, ಪೆಟ್ಟೇನೂ ಆಗಿಲ್ಲ. ನರೇಶನಿಗೆ ಹೇಳಿಲ್ಲ.

ಗದಗಿಗೆ ಹೋಗೋಕೆ ಮುಖ ಇಲ್ಲದಿದ್ದರೆ ಇಲ್ಲಿಗೆ ಬಾ. ಹಗಲೆಲ್ಲ ಮನೆ ಖಾಲಿ. ಏನಾಯಿತು, ಯಾಕಾಯಿತು ಅಂತ ನಾನು ಕೇಳುವುದಿಲ್ಲ, ಕೇಳೋಕೆ ನನಗೇನು ಯೋಗ್ಯತೆ ಇದೆ? ಉಪ್ಪಿಟ್ಟು ಮಾಡುವುದಿಲ್ಲ, ಮುದ್ದೆ ಮಾಡುತ್ತೇನೆ. ಬರಲು ಆಗದಿದ್ದರೆ ಎಲ್ಲಿದ್ದೀಯಾ ಅಂತ ಒಂದು ಸಾಲು ಬರೆ.

ಈ ಒಂದು ವರ್ಷ ನೀನು ಎಲೆ ಕೇಳೋಕೆ ಬರೆದೆ, ನಾನು ಎಲೆ ಕಳಿಸೋಕೆ ಬರೆದೆ. ಈಗ ನಿನಗೆ ನನ್ನಿಂದ ಬೇಕಾದದ್ದು ಏನೂ ಇಲ್ಲ, ನನ್ನ ಹತ್ತಿರ ಕಳಿಸುವುದಕ್ಕೂ ಏನೂ ಇಲ್ಲ. ಆದರೂ ನಾನು ಬರೆದಿದ್ದೇನೆ ನೋಡು.

ಇನ್ನು ನೀನು ಬರೆಯಬೇಕು.

ವೆಂಕಟರತ್ನಮ್ಮ